ಪಥ್ಯದ ಗಂಜಿ, ಆರದ ಗಾಯ

ಸರ್ಜಿಕಲ್ ವಾರ್ಡಿನಲ್ಲಿ ದಿನವೂ ಡ್ರೆಸ್ಸಿಂಗ್ ಮಾಡುವವಳು ನಾನು. ಒಂದೇ ದಿನ ಒಂದೇ ಥರದ ಆಪರೇಷನ್ ಆದ ಇಬ್ಬರಲ್ಲಿ ಒಬ್ಬರು ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೊರಟಿರುತ್ತಾರೆ, ಇನ್ನೊಬ್ಬರ ಗಾಯ ಕೀವು ಒಸರುತ್ತಲೇ ಇರುತ್ತದೆ. "ಸ್ವಲ್ಪ ಪವರ್ ಇರೋ ಆಂಟಿಬಯೋಟಿಕ್ ಬರೆಸಿ ಸಿಸ್ಟರ್" ಅಂತ ಮನೆಯವರು ದುಂಬಾಲು ಬೀಳುತ್ತಾರೆ. ನಾನು ಈಗೀಗ ಬ್ಯಾಂಡೇಜಿಗೆ ಕೈ ಹಾಕುವ ಮುಂಚೆ, ನಿನ್ನೆ ಏನು ಊಟ ಮಾಡಿದಿರಿ ಅಂತ ಕೇಳುತ್ತೇನೆ.

ಗಂಜಿ. ಹೆಚ್ಚೆಂದರೆ ಬ್ರೆಡ್ಡು, ಟೀ. ಹೊಲಿಗೆ ಬಿದ್ದ ಮೈಗೆ ಬೇಳೆ ನಂಜು, ಮೊಟ್ಟೆ ನಂಜು, ನಿಂಬೆಹುಳಿ ತಿಂದರೆ ಕೀವು, ಬದನೆಕಾಯಿಯ ಹೆಸರೇ ಎತ್ತಬಾರದು ಅನ್ನುವುದು ಮನೆಯವರ ನಂಬಿಕೆ. ಬದನೆಕಾಯಿ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಆದರೆ ಗಾಯ ಕೂಡಿಸುವ ಕೊಲಾಜೆನ್ ಅನ್ನುವುದೇ ಒಂದು ಪ್ರೋಟೀನು, ಅದು ಗಟ್ಟಿಯಾಗಿ ಹೆಣೆದುಕೊಳ್ಳಲು ವಿಟಮಿನ್ ಸಿ ಬೇಕು. ಎರಡನ್ನೂ ನಿಲ್ಲಿಸಿದರೆ ದೇಹ ಯಾವುದರಿಂದ ಕಟ್ಟಬೇಕು? ಕರುಳಿನ ಆಪರೇಷನ್ ಆಗಿದ್ದ ಒಬ್ಬ ಅಜ್ಜನ ಗಾಯ ವಾರಗಟ್ಟಲೆ ಬಾಯಿ ಬಿಟ್ಟುಕೊಂಡೇ ಇತ್ತು. ಆರುವ ಗಾಯದ ತಳ ಕೆಂಪಗೆ, ದಾಳಿಂಬೆ ಕಾಳಿನಂತೆ ಹರಳುಹರಳಾಗಿರುತ್ತದೆ. ಅಜ್ಜನದ್ದು ಬಿಳಿಚಿಕೊಂಡು ಅಂಟಂಟಾಗಿತ್ತು. ಪಾದ ಊದಿತ್ತು. ರಕ್ತದಲ್ಲಿ 3.5ರ ಮೇಲಿರಬೇಕಾದ ಆಲ್ಬುಮಿನ್ ಅನ್ನುವ ಪ್ರೋಟೀನು 2.3ಕ್ಕೆ ಇಳಿದಿತ್ತು. ಸೋಂಕೂ ಅದನ್ನು ಇಳಿಸುತ್ತದೆ, ನಿಜ, ಆದರೆ ತಟ್ಟೆಯಲ್ಲೂ ಏನೂ ಇರಲಿಲ್ಲ. ಡಾಕ್ಟರು ಹೇಳಿದ ಮೇಲೆ ಸೊಸೆ, ಅತ್ತೆಯ ಕಣ್ಣು ತಪ್ಪಿಸಿ ಮೊಟ್ಟೆ, ಹೆಸರುಬೇಳೆ ತಿನ್ನಿಸತೊಡಗಿದಳು. ಮುಲಾಮು ಬದಲಾಗಲಿಲ್ಲ, ಅಂಚಿನಲ್ಲಿ ನಿಧಾನಕ್ಕೆ ಕೆಂಪು ಮೂಡಿತು.

ಊಟದ ಜೊತೆಗೆ ಸಕ್ಕರೆ ಕಾಯಿಲೆಯನ್ನೂ ವಿಚಾರಿಸುತ್ತೇನೆ. ಅದು ಇರುವವರು ಅಂಗಾಲಿಗೆ ಮೊಳೆ ಹೊಕ್ಕಿದ್ದರೂ "ನೋವೇ ಇಲ್ಲ ಸಿಸ್ಟರ್" ಅನ್ನುತ್ತಾರೆ, ಅದೂ ಖುಷಿಯಿಂದ. ನನಗೆ ಅದೇ ಭಯ. ನರ ಜೋಮುಹಿಡಿದಿದೆ, ಅವರು ಆ ಗಾಯದ ಮೇಲೇ ನಡೆದಾಡಿರುತ್ತಾರೆ. ಸಕ್ಕರೆ ಏರಿದ ರಕ್ತದಲ್ಲಿ ರೋಗಾಣು ನುಂಗಬೇಕಾದ ಬಿಳಿ ರಕ್ತಕಣಗಳೂ ಮಂಕಾಗಿರುತ್ತವೆ. ಟೆಸ್ಟಿಗೆ ಮುಂಚೆ ಎರಡು ದಿನ ಅನ್ನ ಬಿಟ್ಟು ಬರುವ ಜಾಣರಿದ್ದಾರೆ. ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಒಪ್ಪಿಸಿಬಿಡುತ್ತದೆ.

ಬೀಡಿ ಸೇದುತ್ತೀರಾ ಅಂತಲೂ ಕೇಳುತ್ತೇನೆ. ಅದರ ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಬಳಿಸುತ್ತದೆ. ಆಪರೇಷನ್ನಿಗೆ 4 ವಾರ ಮುಂಚೆಯಾದರೂ ಬಿಡಿ ಅಂದರೆ, ಆಪರೇಷನ್ ಮುಗಿದ ಮರುದಿನವೇ ನೀರಿನ ಟ್ಯಾಂಕಿನ ಹಿಂದೆ ಹೊಗೆ ಏಳುತ್ತದೆ.

ಯಾರೂ ತಾವಾಗಿ ಹೇಳದ್ದು ಮಂಡಿನೋವಿನ ಮಾತ್ರೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಅಂಥ ಕೆಲವು ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ನೋವಿನ ಜೊತೆಗೆ ಗಾಯ ಆರಿಸುವ ಕೆಲಸವನ್ನೂ ಅದು ಅಡಗಿಸುತ್ತದೆ. ಹಾಗಂತ ತಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಅದಕ್ಕೇ ಚೀಟಿ ಸಾಲದು, ಮಾತ್ರೆಯ ಚೀಲವನ್ನೇ ತನ್ನಿ ಅನ್ನುತ್ತೇನೆ.