ಝಾರ್ ದೊರೆ ಜೀತ ಬಿಡಿಸಿದ, ಸಾಲ ಹೊರಿಸಿದ

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಹೆಚ್ಚಿನ ದೇಶಗಳನ್ನು ರಾಜರೇ ಆಳುತ್ತಿದ್ದರು. ಇಂಗ್ಲೆಂಡಿನಲ್ಲಿ ರಾಣಿ ಇದ್ದರೂ ಪಾರ್ಲಿಮೆಂಟು ಒಪ್ಪದೆ ಕಾನೂನು ಆಗುತ್ತಿರಲಿಲ್ಲ. ಆದರೆ ರಷ್ಯಾದಲ್ಲಿ ಪಾರ್ಲಿಮೆಂಟೇ ಇರಲಿಲ್ಲ. ಅಲ್ಲಿನ ಚಕ್ರವರ್ತಿಗೆ ಝಾರ್ ಅನ್ನುತ್ತಿದ್ದರು. ಅವನು ಹೇಳಿದ್ದೇ ಕಾನೂನು. ಅಂಥ ಒಬ್ಬ ಝಾರ್, ಎರಡನೇ ಅಲೆಕ್ಸಾಂಡರ್ ಬಗ್ಗೆ ಬರೆಯುತ್ತಿದ್ದೇನೆ. (ಭಾರತಕ್ಕೆ ದಂಡೆತ್ತಿ ಬಂದ ಅಲೆಕ್ಸಾಂಡರ್ ಬೇರೆ, ಇವನು ಬೇರೆ.)

ರೈತರ ಸ್ಥಿತಿ

ಆಗ ರಷ್ಯಾದಲ್ಲಿ ಜಮೀನ್ದಾರರ ಕೈಕೆಳಗೆ ಸುಮಾರು 2 ಕೋಟಿ 30 ಲಕ್ಷ ಜನ ಜೀತದ ರೈತರಿದ್ದರು. ಅವರು ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕು, ಇಲ್ಲವೇ ಹಣ ಕಟ್ಟಬೇಕು. ಒಡೆಯನ ಅಪ್ಪಣೆ ಇಲ್ಲದೆ ಮದುವೆ ಆಗುವ ಹಾಗಿಲ್ಲ, ಊರು ಬಿಡುವ ಹಾಗಿಲ್ಲ. ಭೂಮಿ ಮಾರಿದರೆ ಅದರ ಜೊತೆ ಅವರೂ ಹೊಸ ಒಡೆಯನ ಪಾಲು.

ದೊರೆ ಯಾಕೆ ಮನಸ್ಸು ಮಾಡಿದ?

ಅಲೆಕ್ಸಾಂಡರ್ 1855ರಲ್ಲಿ ಪಟ್ಟಕ್ಕೆ ಬಂದಾಗ ಕ್ರಿಮಿಯಾ ಯುದ್ಧ ನಡೆಯುತ್ತಿತ್ತು. ಅದರಲ್ಲಿ ರಷ್ಯಾ ಸೋತಿತು. ದೇಶ ಹಿಂದೆ ಬಿದ್ದಿದೆ ಅಂತ ದೊರೆಗೆ ತಿಳಿಯಿತು. 1856ರಲ್ಲಿ ಅವನು ಮಾಸ್ಕೋದ ಜಮೀನ್ದಾರರಿಗೆ ಒಂದು ಮಾತು ಹೇಳಿದ. ಜೀತವನ್ನು ಮೇಲಿನಿಂದ ನಾವೇ ತೆಗೆಯುವುದು ಒಳ್ಳೇದು, ಇಲ್ಲದಿದ್ದರೆ ಅದು ಕೆಳಗಿನಿಂದ ತಾನೇ ಹೋಗಲು ಶುರುವಾಗುತ್ತದೆ ಎಂಬುದು ಅದರ ಅರ್ಥ. ಅಂದ್ರೆ ದಯೆ ಒಂದೇ ಕಾರಣ ಅಲ್ಲ, ದಂಗೆಯ ಭಯವೂ ಇತ್ತು.

ಬಿಡುಗಡೆ ಮತ್ತು ಸಾಲ

ನಮ್ಮ ಕ್ಯಾಲೆಂಡರಿನ ಪ್ರಕಾರ 1861ರ ಮಾರ್ಚ್ 3ರಂದು ದೊರೆ ಬಿಡುಗಡೆಯ ಆಜ್ಞೆಗೆ ಸಹಿ ಹಾಕಿದ. ಅದನ್ನು ಚರ್ಚುಗಳಲ್ಲಿ ಓದಿ ಹೇಳಿದರು. ಇನ್ನು ಮೇಲೆ ರೈತ ತನ್ನಿಷ್ಟದಂತೆ ಮದುವೆ ಆಗಬಹುದು, ಆಸ್ತಿ ಮಾಡಬಹುದು, ವ್ಯಾಪಾರ ಮಾಡಬಹುದು.

ಆದರೆ ಭೂಮಿ ಪುಕ್ಕಟೆ ಸಿಗಲಿಲ್ಲ. ಬೆಲೆಯ ಹೆಚ್ಚಿನ ಭಾಗವನ್ನು ಸರ್ಕಾರ ಜಮೀನ್ದಾರನಿಗೆ ಕೊಟ್ಟು, ಅದನ್ನು ರೈತನ ತಲೆ ಮೇಲೆ ಸಾಲ ಬರೆಯಿತು. ನೂರು ರೂಬಲ್ ಸಾಲಕ್ಕೆ ಬಡ್ಡಿ ಸೇರಿ ವರ್ಷಕ್ಕೆ 6 ರೂಬಲ್, ಹೀಗೆ 49 ವರ್ಷ ಕಟ್ಟಬೇಕು. ನಾನು ಲೆಕ್ಕ ಮಾಡಿ ನೋಡಿದೆ, 6 × 49 = 294. ನೂರಕ್ಕೆ ಇನ್ನೂರ ತೊಂಬತ್ತನಾಲ್ಕು! ನಮ್ಮ ವಯಸ್ಸಿನ 13 ವರ್ಷದ ಹುಡುಗನ ಮನೆಯಲ್ಲಿ ಸಾಲ ಶುರುವಾದರೆ, ಅದು ಮುಗಿಯುವಾಗ ಅವನಿಗೆ 62 ವರ್ಷ.

ಎಷ್ಟೋ ಕಡೆ ರೈತರು ಮೊದಲು ಉಳುತ್ತಿದ್ದ ಹೊಲದಲ್ಲೇ ಒಂದು ಪಾಲನ್ನು ಜಮೀನ್ದಾರರು ಕತ್ತರಿಸಿ ಇಟ್ಟುಕೊಂಡರು. ಒಡೆಯನ ಮನೆಗೆಲಸದ ಆಳುಗಳಿಗೆ ಭೂಮಿಯೇ ಸಿಗಲಿಲ್ಲ. ಒಬ್ಬ ಕಂತು ಕಟ್ಟದಿದ್ದರೆ ಊರಿನವರೆಲ್ಲ ಸೇರಿ ಕಟ್ಟಬೇಕಿತ್ತು. ಹಾಗಾಗಿ ಯಾರೇ ಊರು ಬಿಡಬೇಕಾದರೂ ಊರಿನ ಕೂಟ ಒಪ್ಪಬೇಕು.

ದೊರೆಯ ಕೊನೆ

1864ರಲ್ಲಿ ದೊರೆ ಜಿಲ್ಲೆಗಳಲ್ಲಿ ಚುನಾಯಿತ ಸಭೆಗಳನ್ನು ಮಾಡಿದ. ಅವು ಶಾಲೆ, ಆಸ್ಪತ್ರೆ, ರಸ್ತೆ ನೋಡಿಕೊಂಡವು. ಇಡೀ ದೇಶಕ್ಕೆ ಪಾರ್ಲಿಮೆಂಟು ಮಾತ್ರ ಕೊಡಲಿಲ್ಲ. 1881ರ ಮಾರ್ಚ್ 13ರಂದು ಸೇಂಟ್ ಪೀಟರ್ಸ್‌ಬರ್ಗಿನ ಬೀದಿಯಲ್ಲಿ ಕ್ರಾಂತಿಕಾರರು ಬಾಂಬು ಎಸೆದು ಅವನನ್ನು ಕೊಂದರು. ಕಾನೂನು ಮಾಡುವಾಗ ಚುನಾಯಿತರ ಸಲಹೆ ಕೇಳುವ ಒಂದು ಯೋಜನೆಗೆ ಅವತ್ತು ಬೆಳಿಗ್ಗೆಯಷ್ಟೇ ಅವನು ಒಪ್ಪಿಗೆ ಕೊಟ್ಟಿದ್ದ. ಮಗ ಮೂರನೇ ಅಲೆಕ್ಸಾಂಡರ್ ಅದನ್ನು ಕೈಬಿಟ್ಟ. ರೈತರ ಸಾಲದ ಕಂತು ರದ್ದಾದದ್ದು 1907ರಲ್ಲಿ, ಅದೂ 1905ರಲ್ಲಿ ಜನ ದಂಗೆ ಎದ್ದ ಮೇಲೆ.

ನನ್ನ ಅಭಿಪ್ರಾಯ

ಎರಡನೇ ಅಲೆಕ್ಸಾಂಡರನನ್ನು ಕೆಟ್ಟ ರಾಜ ಅನ್ನಲಾರೆ. ಯಾಕಂದ್ರೆ ಹಿಂದಿನ ಝಾರ್‌ಗಳು ಮಾಡದ ಕೆಲಸ ಅವನು ಮಾಡಿದ. ಆದರೆ ಭೂಮಿಯ ಲೆಕ್ಕ ಬರೆಯುವಾಗ ಜಮೀನ್ದಾರರ ಮಾತು ಕೇಳಿದರು, ಉಳುವವರನ್ನು ಕರೆದು ಕೇಳಲಿಲ್ಲ. ರಾಜ ಒಳ್ಳೆಯವನಾದರೆ ಸಾಲದು, ಯಾರಿಗಾಗಿ ಕಾನೂನೋ ಅವರೂ ಸಭೆಯಲ್ಲಿ ಕೂತಿರಬೇಕು ಅಂತ ನನಗೆ ಅನ್ನಿಸುತ್ತದೆ.

ಉತ್ತರ ಹೇಳಿ
1. 150 ರೂಬಲ್ ಸಾಲಕ್ಕೆ 49 ವರ್ಷದಲ್ಲಿ ಎಷ್ಟು ಕಟ್ಟಬೇಕಾಗಿತ್ತು?
2. ಆಜ್ಞೆ ಓದಿದ ದಿನ ನೀವು ಅಲ್ಲಿನ ರೈತರಾಗಿದ್ದರೆ ಖುಷಿ ಪಡುತ್ತಿದ್ದಿರಾ? ಯಾಕೆ?

ಉತ್ತರವನ್ನು ಚೀಟಿಯಲ್ಲಿ ಬರೆದು ಇದರ ಕೆಳಗೆ ಅಂಟಿಸಿ.

— 7ನೇ ತರಗತಿ ವಿದ್ಯಾರ್ಥಿ