‘ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!’

ಪ್ರಶ್ನೆ: ನಾನು ಯಲ್ಲಾಪುರ ತಾಲ್ಲೂಕಿನ ಸಿದ್ದಿ ಹುಡುಗಿ. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಆಟೊದವರು, ಅಂಗಡಿಯವರು ನನ್ನನ್ನು ಕಂಡರೆ ಇಂಗ್ಲಿಷಿನಲ್ಲೇ ಮಾತು ಶುರು ಮಾಡುತ್ತಾರೆ. ಕನ್ನಡದಲ್ಲಿ ಉತ್ತರಿಸಿದರೆ ‘ಅಯ್ಯೋ, ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ, ನಮ್ಮೋರೇನಾ?’ ಎನ್ನುತ್ತಾರೆ. ಆ ಕ್ಷಣ ಮನಸ್ಸು ಹಗುರಾಗುತ್ತದೆ, ರೂಮಿಗೆ ಬಂದ ಮೇಲೆ ಅಳು ಬರುತ್ತದೆ. ಆಫೀಸಿನ ಸೀನಿಯರ್ ಒಬ್ಬರು ಎದುರಾದಾಗಲೆಲ್ಲ ನನ್ನ ಕೂದಲು ಮುಟ್ಟಿ ‘ಒರಿಜಿನಲ್ಲಾ?’ ಎಂದು ಕೇಳುತ್ತಾರೆ, ನನ್ನ ಮೈಕಟ್ಟಿನ ಬಗ್ಗೆ ಎಲ್ಲರೆದುರು ಮಾತಾಡಿ ನಗುತ್ತಾರೆ. ಈ ಸಲ ರಾಜ್ಯೋತ್ಸವಕ್ಕೆ ಸೊಪ್ಪು ಕಟ್ಟಿಕೊಂಡು ಕುಣಿ ಎಂದರು. ಆಗುವುದಿಲ್ಲ ಎಂದದ್ದಕ್ಕೆ ‘ಇವಳು ತುಂಬಾ ಸೀರಿಯಸ್ಸು’ ಎಂಬ ಹೆಸರು ಬಂದಿದೆ. ಅವ್ವ ‘ಸುಮ್ನಿರು, ನೌಕರಿ ಹೋದೀತು’ ಅನ್ನುತ್ತಾಳೆ. ನಾನೇ ಸಣ್ಣದನ್ನು ದೊಡ್ಡದು ಮಾಡುತ್ತಿದ್ದೇನಾ? ಊರಿಗೆ ಹೋಗಿಬಿಡಲಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಇಲ್ಲ, ನೀವು ಏನನ್ನೂ ದೊಡ್ಡದು ಮಾಡುತ್ತಿಲ್ಲ. ಹಗುರಾದ ಮನಸ್ಸಿಗೆ ಆಮೇಲೆ ಅಳು ಏಕೆ ಬರುತ್ತದೆ ಎಂಬುದರಲ್ಲೇ ನಿಮ್ಮ ಪ್ರಶ್ನೆಯ ಉತ್ತರವಿದೆ. ‘ನಮ್ಮೋರೇನಾ’ ಎಂದಾಗ ಅವರು ತೋರಿಸುವ ಆದರವು ನೀವು ಯಾರೆಂದು ರುಜುವಾತು ಮಾಡಿದ ಮೇಲೆ ಸಿಕ್ಕದ್ದು. ಅದಕ್ಕೆ ಮೊದಲು ನೀವು ಅವರಿಗೆ ಯಾರೋ ಆಗಿದ್ದಿರಿ, ಹೇಗೆ ನಡೆಸಿಕೊಂಡರೂ ನಡೆಯುತ್ತದೆ ಎಂಬಂತೆ. ನಾಳೆ ಇನ್ನೊಬ್ಬರೆದುರು ಮತ್ತೆ ಅದೇ ಪರೀಕ್ಷೆ. ಯಾರಿಗಾದರೂ ದಣಿವಾಗುತ್ತದೆ.

ಈ ಪರೀಕ್ಷೆಯಲ್ಲಿ ಪಾಸಾಗಲು ಅವಕಾಶವೇ ಇಲ್ಲದವರೂ ಈ ಊರಿನಲ್ಲಿದ್ದಾರೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ಯುವಕನೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಬೇರೆ ಕಾರಿನಲ್ಲಿ ಅಲ್ಲಿಗೆ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈ ಮಾಡಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಆಕೆಗೂ ಇದ್ದ ಸಂಬಂಧ ಚರ್ಮದ ಬಣ್ಣ ಮಾತ್ರ. ಆದರೂ ಇದು ಜನಾಂಗೀಯ ದಾಳಿಯಲ್ಲ ಎಂದು ರಾಜ್ಯದ ಆಗಿನ ಗೃಹಸಚಿವರೇ ಹೇಳಿದರು. ರಾತ್ರಿ ಬಸ್ಸಿಳಿದು ನಡೆಯುವಾಗ ನಿಮಗೆ ಅಳುಕಾದರೆ ಅದು ಸುಮ್ಮನೆ ಹುಟ್ಟಿದ್ದಲ್ಲ. ನಿಮ್ಮಲ್ಲಿ ನನ್ನದೊಂದು ಕೋರಿಕೆಯಿದೆ: ‘ನಾನು ಆಫ್ರಿಕಾದವಳಲ್ಲ’ ಎಂಬುದನ್ನು ನಿಮ್ಮ ರಕ್ಷಣೆ ಮಾಡಿಕೊಳ್ಳಬೇಡಿ. ನೈರೋಬಿಯಿಂದ ನಿನ್ನೆ ಬಂದಿಳಿದ ಹುಡುಗಿಯ ಕೂದಲನ್ನೂ ಕೇಳದೆ ಮುಟ್ಟುವ ಹಕ್ಕು ಯಾರಿಗೂ ಇಲ್ಲ.

ಆಟೊದವರ ಬೆರಗಿಗೆ ಕಾರಣವೂ ಇದೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ತಂದ ನಿಮ್ಮ ಪೂರ್ವಿಕರಲ್ಲಿ ಎಷ್ಟೋ ಮಂದಿ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳ ಮಣ್ಣಿನಲ್ಲಿ ಹತ್ತಾರು ತಲೆಮಾರು ದುಡಿದರು. ಇದನ್ನು ನಾಡಿನ ಮಕ್ಕಳಿಗೆ ನಾವು ಸರಿಯಾಗಿ ಕಲಿಸಲಿಲ್ಲ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಸಮುದಾಯದ ಮೊದಲ ಶಾಸಕರಾಗಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ, ಅದೂ ನಾಮಕರಣದಿಂದ. 2021ರ ‘ಸಲಗ’ ಸಿನಿಮಾದಲ್ಲಿ ಸಿದ್ದಿ ಗಾಯಕಿಯರ ಹಾಡಿಗೆ ನಾಡೆಲ್ಲ ಕುಣಿಯಿತು. ಸಿದ್ದಿ ಹೆಣ್ಣುಮಗಳೊಬ್ಬಳು ಟಿ.ವಿ.ಯಲ್ಲಿ ವಾರ್ತೆ ಓದುವುದನ್ನೋ ಧಾರಾವಾಹಿಯ ನಾಯಕಿಯಾದದ್ದನ್ನೋ ನಾನಂತೂ ಕಂಡಿಲ್ಲ. ಕುಣಿಯುವಾಗ ಮಾತ್ರ ನಿಮ್ಮವರನ್ನು ನೋಡಿದ ಕಣ್ಣು, ಲೆಕ್ಕಪತ್ರದ ಮುಂದೆ ಕೂತ ನಿಮ್ಮನ್ನೂ ಎಬ್ಬಿಸಿ ಕುಣಿಸಲು ನೋಡುತ್ತದೆ.

ಹಾಗಾಗಿ ರಾಜ್ಯೋತ್ಸವಕ್ಕೆ ‘ಆಗುವುದಿಲ್ಲ’ ಎಂದು ನೀವು ಹೇಳಿದ್ದು ಸರಿ. ಡಮಾಮಿ ಕುಣಿತ ನಿಮ್ಮದು. ಊರಿನಲ್ಲಿ ನಿಮ್ಮವರ ನಡುವೆ ಮನಸಾರೆ ಕುಣಿಯಿರಿ. ಆಫೀಸಿನಲ್ಲಿ ಬೇರೆ ಯಾರಿಗೂ ಅವರ ಜಾತಿ ನೋಡಿ ವೇಷ ಹಂಚಲಿಲ್ಲವಲ್ಲ. ಅಷ್ಟು ಸಾಕು ಅದು ಗೌರವದ ಆಹ್ವಾನವಲ್ಲ ಎಂದು ತಿಳಿಯಲು.

ಇನ್ನು ಆ ಸೀನಿಯರ್. ಅವರು ಮಾಡುತ್ತಿರುವುದು ತಮಾಷೆ ಅಲ್ಲ. ಸಿದ್ದಿ ಎಂಬ ಕಾರಣಕ್ಕೆ ನಿಮ್ಮ ಮೈ ಎಲ್ಲರೂ ನೋಡಿ ಮಾತಾಡುವ ವಸ್ತು ಎಂದುಕೊಂಡಿದ್ದಾರೆ, ಹೆಣ್ಣು ಎಂಬ ಕಾರಣಕ್ಕೆ ಮುಟ್ಟಿದರೂ ನಡೆಯುತ್ತದೆ ಎಂದುಕೊಂಡಿದ್ದಾರೆ. ಎರಡೂ ಸೇರಿ ನಿಮ್ಮ ಮೇಲೆ ಬೀಳುತ್ತಿವೆ. ಮುಂದಿನ ಸಲ ಕೈ ಬಂದರೆ ಹಿಂದೆ ಸರಿದು, ನಗದೆ, ಪಕ್ಕದವರಿಗೂ ಕೇಳುವಂತೆ ಹೇಳಿ: ‘ನನ್ನನ್ನು ಮುಟ್ಟಬೇಡಿ. ನನ್ನ ಮೈ ಬಗ್ಗೆ ಮಾತಾಡಬೇಡಿ.’ ವಿವರಣೆ ಬೇಡ. ಅದೇ ದಿನ ಅದನ್ನೇ ಇ–ಮೇಲ್‌ನಲ್ಲಿ ಅವರಿಗೆ ಬರೆಯಿರಿ. ಈವರೆಗೆ ಆದದ್ದನ್ನೂ ದಿನಾಂಕ, ಜಾಗ, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಸಮೇತ ಬರೆದಿಡಿ.

ಅಷ್ಟಾದರೂ ನಿಲ್ಲದಿದ್ದರೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನಿಮ್ಮ ಕಡೆಗಿದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಹೊರಗಿನ ಸದಸ್ಯರೊಬ್ಬರೂ ಇರಬೇಕು. ಕೊನೆಯ ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ನಿಮ್ಮ ಹೆಸರು ಹೊರಗೆ ಬಾರದಂತೆ ನೋಡಿಕೊಳ್ಳುವುದು ಸಮಿತಿಯ ಹೊಣೆ. ಬುಡಕಟ್ಟಿನ ಹೆಸರೆತ್ತಿ ಎಲ್ಲರೆದುರು ಅವಮಾನಿಸಿದರೆ ಅದು ಬೇರೆಯೇ ಅಪರಾಧ, 1989ರ ಅಟ್ರಾಸಿಟಿ ಕಾಯ್ದೆಗೆ ಬರುತ್ತದೆ. ಅದರ ಸಹಾಯವಾಣಿ 14566. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ದೂರು ಕೊಡುವ ಮುನ್ನ ಅಲ್ಲಿಗೊಮ್ಮೆ ಹೋಗಿ ಬನ್ನಿ, ಜಾತಿ ಪ್ರಮಾಣಪತ್ರ ಜೊತೆಗಿರಲಿ.

ಅವ್ವನ ಜೊತೆ ಜಗಳ ಬೇಡ. ತುಟಿ ಬಿಚ್ಚಿದರೆ ಅನ್ನ ಹೋಗುತ್ತದೆ ಎಂಬುದನ್ನು ಅವರು ಬದುಕಿನಲ್ಲಿ ಕಂಡೇ ಹೇಳುತ್ತಿರಬಹುದು. ದೂರಿನ ಜೊತೆಗೇ ಬೇರೆ ಕೆಲಸವನ್ನೂ ಹುಡುಕುತ್ತಿರಿ, ಅದರಲ್ಲಿ ಸೋಲೇನೂ ಇಲ್ಲ. ಊರಿಗೆ ಹೋಗುವುದೂ ತಪ್ಪಲ್ಲ, ಅಲ್ಲಿ ಮಾಡಬೇಕೆನಿಸುವ ಕೆಲಸ ಇದ್ದರೆ. ಆದರೆ ಆ ಮನುಷ್ಯನ ಕೈಗೆ ಹೆದರಿ ಬಿಟ್ಟುಹೋಗುವ ತೀರ್ಮಾನವನ್ನು ಈಗ ಮಾಡಬೇಡಿ. ದಾರಿಯಲ್ಲಿ ಕೇಳುವವರಿಗೆಲ್ಲ ನಾಲ್ಕು ನೂರು ವರ್ಷದ ಚರಿತ್ರೆ ಹೇಳುವ ಹೊಣೆಯೂ ನಿಮ್ಮದಲ್ಲ. ಮನಸ್ಸಿದ್ದ ದಿನ ಹೇಳಿ, ಇಲ್ಲದ ದಿನ ‘ಯಲ್ಲಾಪುರ’ ಎಂದಷ್ಟೇ ಹೇಳಿ ಇಳಿದುಹೋಗಿ.

ನಿಮ್ಮ ಕಂಪನಿಯಲ್ಲಿ ಆ ಸಮಿತಿ ಇದೆಯೇ, ಯಾರ‍್ಯಾರು ಇದ್ದಾರೆ ಎಂದು ಈ ವಾರವೇ ಎಚ್.ಆರ್. ವಿಭಾಗಕ್ಕೆ ಇ–ಮೇಲ್ ಮಾಡಿ ಕೇಳಿ. ಏನು ಉತ್ತರ ಬಂತೆಂದು ನನಗೆ ಮತ್ತೆ ಬರೆಯಿರಿ.