ವಿದ್ಯಾರ್ಥಿಗಳೂ ವೀಡಿಯೊ ನಿರೂಪಣೆಯೂ

ಸಾಮಾಜಿಕ ಸಮಸ್ಯೆಗಳನ್ನು ಕುರಿತು ಪ್ರಬಂಧ ಬರೆಯಿಸುವುದು ನಮ್ಮ ಶಾಲೆಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಈಗ ಪ್ರಬಂಧದ ಜೊತೆಗೆ ವೀಡಿಯೊ ನಿರೂಪಣೆಯೂ ಬಂದು ಸೇರಿದೆ. ಮನೆಯ ಮೊಬೈಲ್ ಫೋನೊಂದಿದ್ದರೆ ನಾಲ್ವರು ವಿದ್ಯಾರ್ಥಿಗಳು ಕೂಡಿ ಮೂರು ನಿಮಿಷಗಳ ಚಿತ್ರವನ್ನು ಸಿದ್ಧಪಡಿಸಬಲ್ಲರು. ಉಪಕರಣವು ಸುಲಭವಾದಷ್ಟೂ ಬಳಸುವವರ ಹೊಣೆ ಹೆಚ್ಚುತ್ತದೆ. ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಒಬ್ಬ ತಾಯಿಯಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಹತ್ತನೆಯ ತರಗತಿಯ ಮಕ್ಕಳು ಎಂಡೋಸಲ್ಫಾನ್ ದುರಂತವನ್ನು ವಿಷಯವಾಗಿ ಆರಿಸಿಕೊಂಡರು. ತಾಯಿ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಒಂದು ಮನೆಗೆ ಹೋಗಿ, ಚಾಪೆಯ ಮೇಲೆ ಮಲಗಿದ್ದ ಹುಡುಗನ ಮುಖವನ್ನು ಹತ್ತಿರದಿಂದ ಚಿತ್ರಿಸಿ, ಶೋಕದ ಪಿಟೀಲುವಾದನವನ್ನು ಜೋಡಿಸಿ ತಂದರು. ನೋಡಿ ನನ್ನ ಕಣ್ಣು ತೇವವಾಯಿತು, "ಭೇಷ್" ಎಂದೆನು. ಅನುಮತಿ ಪಡೆದಿರುವಿರಾ ಎಂದು ಕೇಳಲಿಲ್ಲ. ವಾರ್ಷಿಕೋತ್ಸವದಲ್ಲಿ ಅದನ್ನು ತೋರಿಸಿದೆವು. ಹುಡುಗನ ತಂಗಿ ನಮ್ಮ ವಿದ್ಯಾರ್ಥಿನಿ. ತಾಯಿಯೂ ಆ ಸಭೆಯಲ್ಲಿದ್ದರು. ಮರುದಿನ ಅವರು ಬಂದು ಹೇಳಿದರು: "ಮಾಷ್ಟ್ರೇ, ನನ್ನ ಮಗ ಹಾಡು ಕೇಳಿದರೆ ನಗುತ್ತಾನೆ. ಅದನ್ನು ಯಾರೂ ತೆಗೆಯಲಿಲ್ಲ. ಮಕ್ಕಳನ್ನು ಬೈಯಬೇಡಿ, ಅವರಿಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕಿತ್ತು." ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರವನ್ನು ಅಳಿಸಿದೆವು. ಅಂದಿನಿಂದ ನಾವು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

೧. ಪ್ರಶ್ನೆ ಚಿಕ್ಕದಾಗಿರಲಿ. "ಪರಿಸರ ಮಾಲಿನ್ಯ" ಎಂಬುದು ಮೂರು ನಿಮಿಷಗಳಿಗೆ ಮೀರಿದ ವಿಷಯ. "ನಮ್ಮ ಊರಿನ ರೋಗಿಯೊಬ್ಬರು ಆಸ್ಪತ್ರೆಗೆ ಹೋಗಿಬರಲು ಏನೇನು ಕಷ್ಟಪಡಬೇಕು?" ಎಂಬ ಪ್ರಶ್ನೆಗೆ ಉತ್ತರ ದೊರೆಯುತ್ತದೆ, ಆ ಉತ್ತರವನ್ನು ಚಿತ್ರದಲ್ಲಿ ತೋರಿಸಲೂ ಬಹುದು.

೨. ಸಂಗತಿಗಳನ್ನು ಶೋಧಿಸಿರಿ. ಕಾಸರಗೋಡಿನ ಸರ್ಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ರೋಗಗಳತ್ತ ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ಲೋಕದ ಗಮನ ಸೆಳೆದರು. ಪೆರಿಯದ ಲೀಲಾಕುಮಾರಿ ಅಮ್ಮನವರು ೧೯೯೮ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ೨೦೧೧ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ಜಗತ್ತಿನಿಂದ ತೊಲಗಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ಇದನ್ನು ದೇಶದಲ್ಲೆಲ್ಲ ನಿಷೇಧಿಸಿತು. ಸಂತ್ರಸ್ತರಿಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ೨೦೧೭ರ ಜನವರಿಯಲ್ಲಿ ಅದೇ ನ್ಯಾಯಾಲಯವು ಆದೇಶಿಸಿತು. ಒಂದೂರಿನ ಸಂಕಟವು ಜಾಗತಿಕ ಪ್ರಶ್ನೆಯಾದ ಬಗೆ ಇದು. ಪ್ರತಿಯೊಂದು ರೋಗಕ್ಕೂ ಈ ವಿಷವೇ ಕಾರಣವೇ ಎಂಬ ವಿಷಯದಲ್ಲಿ ತಜ್ಞರೊಳಗೆ ವಾದವಿರುವುದೂ ನಿಜ. ಅದನ್ನೂ ಮುಚ್ಚಿಡಬಾರದು. ಕೇಳಿದ ಮಾತು ಬೇರೆ, ದಾಖಲೆಯಲ್ಲಿರುವ ಮಾತು ಬೇರೆ. ನೋಟುಪುಸ್ತಕದಲ್ಲಿ ಎರಡನ್ನೂ ಎದುರುಬದುರು ಪುಟಗಳಲ್ಲಿ ಬರೆದುಕೊಳ್ಳಿರಿ.

೩. ಅನುಮತಿ ಪಡೆಯಿರಿ. ಮೊದಲ ಭೇಟಿಗೆ ಫೋನನ್ನು ಚೀಲದಿಂದ ತೆಗೆಯಲೇಬೇಡಿ. ಏತಕ್ಕಾಗಿ ಚಿತ್ರಿಸುವಿರಿ, ಎಲ್ಲಿ ತೋರಿಸುವಿರಿ ಎಂಬುದನ್ನು ತಿಳಿಯಹೇಳಿರಿ. ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯೂ ಮಗುವಿನ ಇಷ್ಟವೂ ಬೇಕು. ಬೇಡವೆಂದರೆ ನಮಸ್ಕರಿಸಿ ಹಿಂದಿರುಗಿರಿ. ಸಿದ್ಧವಾದ ಚಿತ್ರವನ್ನು ಮೊದಲು ಆ ಮನೆಯವರಿಗೇ ತೋರಿಸತಕ್ಕದ್ದು. ಅವರು ಬೇಡವೆಂದ ಭಾಗವನ್ನು ತೆಗೆದುಹಾಕತಕ್ಕದ್ದು.

೪. ಬರೆದುಕೊಂಡು ಚಿತ್ರಿಸಿರಿ. ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು ನೂರು ಪದಗಳಾಗುತ್ತವೆ. ಮೂರು ನಿಮಿಷಗಳಿಗೆ ಇನ್ನೂರೈವತ್ತು ಸಾಕು. ಉಳಿದ ಹೊತ್ತು ಚಿತ್ರವೇ ಮಾತಾಡಲಿ. ಫೋನನ್ನು ಅಡ್ಡಲಾಗಿ ಹಿಡಿದು, ಪ್ರತಿಯೊಂದು ದೃಶ್ಯದಲ್ಲಿಯೂ ಹತ್ತು ಸೆಕೆಂಡು ಅಲುಗಾಡದಿರಿ. ಗಾಳಿಯ ಸದ್ದು ಮಾತನ್ನು ನುಂಗುವುದರಿಂದ ವಿವರಣೆಯನ್ನು ಮುಚ್ಚಿದ ಕೋಣೆಯಲ್ಲಿ ಪ್ರತ್ಯೇಕವಾಗಿ ಓದಿ ಸೇರಿಸಿರಿ. ವಿವರಣೆ ಶುದ್ಧ ಕನ್ನಡದಲ್ಲಿರಲಿ. ಕೆಳಗೆ ಮಲಯಾಳ ಬರಹವಿದ್ದರೆ ನೆರೆಯವರಿಗೂ ಅಧಿಕಾರಿಗಳಿಗೂ ನಮ್ಮ ಮಾತು ಮುಟ್ಟುತ್ತದೆ.

ಹೆತ್ತವರಲ್ಲಿ ಒಂದು ವಿನಂತಿ. ಮಕ್ಕಳು ಫೋನು ಕೇಳಿದಾಗ ಆಟಕ್ಕೆಂದು ಭಾವಿಸಿ ಗದರಿಸಬೇಡಿರಿ. ಏನನ್ನು ಚಿತ್ರಿಸುತ್ತಾರೆಂದು ಕೇಳದೆ ಕೊಡಲೂ ಬೇಡಿರಿ. ತೆಗೆದ ಚಿತ್ರವನ್ನು ಅವರೊಡನೆ ಕುಳಿತು ನೋಡಿರಿ.

ಕೆಲವು ತಿಂಗಳ ಬಳಿಕ ಆ ತಾಯಿ ತಾವಾಗಿಯೇ ಮಕ್ಕಳನ್ನು ಮನೆಗೆ ಕರೆದರು. ಎರಡನೆಯ ಚಿತ್ರದಲ್ಲಿ ಹುಡುಗನ ಮುಖವಿಲ್ಲ. ಬಸ್ಸಿನ ರಸ್ತೆಗೆ ಏರುವ ಕಾಲುದಾರಿ ಇದೆ, ಔಷಧದ ಚೀಟಿಗಳಿವೆ, ಮಲಯಾಳದಲ್ಲಿ ಅಚ್ಚಾದ ಅರ್ಜಿಯನ್ನು ಓದಲಾರದೆ ಮಗಳ ಕೈಗೆ ಕೊಡುವ ತಾಯಿಯ ಬೆರಳುಗಳಿವೆ. ಕೊನೆಯಲ್ಲಿ ರೇಡಿಯೊದ ಹಾಡು ಕೇಳಿಸುತ್ತದೆ, ಅದರೊಡನೆ ಹುಡುಗನ ನಗುವೂ ಕೇಳಿಸುತ್ತದೆ. ಅದನ್ನು ಸೇರಿಸಬೇಕೆಂದು ಹೇಳಿದವರು ತಾಯಿಯೇ. ಮುಂದಿನ ವಾರ್ಷಿಕೋತ್ಸವದಲ್ಲಿ ಅದನ್ನು ತೋರಿಸಿದಾಗ ಅವರು ಮೊದಲನೆಯ ಸಾಲಿನಲ್ಲಿ ಕುಳಿತಿದ್ದರು.